ಸಮುದಾಯ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ: ಭೂಗೋಳಶಾಸ್ತ್ರ ಓದಬಯಸುವ ಮಕ್ಕಳ ಹಾದಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉನ್ನತ ಶಿಕ್ಷಣದಲ್ಲಿ 2025ರ ಶರತ್ಕಾಲದ ಅವಧಿಯಿಂದ ಒಂದು ಮುಖ್ಯ ಬದಲಾವಣೆ ಜಾರಿಗೆ ಬಂದಿದೆ. ಅಲ್ಲಿಯ ಸಮುದಾಯ ಕಾಲೇಜುಗಳಲ್ಲಿ ಮೊದಲ ಎರಡು ವರ್ಷ ಓದಿ, ಆನಂತರ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಹೊಂದುವ ವಿದ್ಯಾರ್ಥಿಗಳಿಗೆ ಅದುವರೆಗೆ ಸಾಮಾನ್ಯ ಶಿಕ್ಷಣದ ಎರಡು ಬೇರೆ ಬೇರೆ ಪಠ್ಯಮಾದರಿಗಳಿದ್ದವು. ಆ ಎರಡರ ಸ್ಥಾನದಲ್ಲಿ ಈಗ ಕ್ಯಾಲ್-ಗೆಟ್ಸಿ ಎಂಬ ಒಂದೇ ಮಾದರಿ ನಿಂತಿದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಎಂಬ ಎರಡೂ ಸರ್ಕಾರಿ ವಿಶ್ವವಿದ್ಯಾಲಯ ಸಮೂಹಗಳು ಇದನ್ನು ಒಪ್ಪುತ್ತವೆ. 2021ರಲ್ಲಿ ಅಲ್ಲಿನ ಶಾಸನಸಭೆ ಅಂಗೀಕರಿಸಿದ ಕಾಯಿದೆಯ ಫಲವಿದು.

ಈ ಸುದ್ದಿಗೂ ಮಠದ ಭಕ್ತರಿಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಮೊದಲಾದ ಊರುಗಳಲ್ಲಿ ಕನ್ನಡನಾಡಿನಿಂದ ಹೋಗಿ ನೆಲೆಸಿದ ಶರಣ ಕುಟುಂಬಗಳು ಅನೇಕ. ಅವರ ಮಕ್ಕಳು ಈಗ ಕಾಲೇಜಿನ ಹೊಸ್ತಿಲಲ್ಲಿದ್ದಾರೆ. ಅಜ್ಜ ಅಜ್ಜಿಯರು ತುಮಕೂರಿನಲ್ಲೋ ಬೆಳಗಾವಿಯಲ್ಲೋ ಕುಳಿತು, ಮೊಮ್ಮಗಳು ಸಮುದಾಯ ಕಾಲೇಜಿಗೆ ಸೇರಿ ಭೂಗೋಳ ಓದುತ್ತಾಳಂತೆ ಎಂಬ ಮಾತು ಕೇಳಿ ಆತಂಕಪಡುತ್ತಾರೆ. ಆ ಆತಂಕದ ಹಿಂದೆ ಎರಡು ತಪ್ಪು ತಿಳಿವಳಿಕೆಗಳಿವೆ. ಸಮುದಾಯ ಕಾಲೇಜು ಕೆಳದರ್ಜೆಯದು ಎಂಬುದು ಒಂದು. ಭೂಗೋಳಶಾಸ್ತ್ರ ಉದ್ಯೋಗವಿಲ್ಲದ ವಿಷಯ ಎಂಬುದು ಇನ್ನೊಂದು. ಇವೆರಡನ್ನೂ ಪರಿಶೀಲಿಸಿ, ಈ ಹಾದಿಯ ನಿಜವಾದ ಅಪಾಯ ಎಲ್ಲಿದೆ ಎಂಬುದನ್ನು ತಿಳಿಸುವುದು ನಮ್ಮ ಉದ್ದೇಶ.

ಸಮುದಾಯ ಕಾಲೇಜು ಎಂದರೇನು

ಕ್ಯಾಲಿಫೋರ್ನಿಯಾದಲ್ಲಿ 116 ಸಮುದಾಯ ಕಾಲೇಜುಗಳಿವೆ. ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಅಮೆರಿಕದ ಅತಿದೊಡ್ಡ ಉನ್ನತ ಶಿಕ್ಷಣ ವ್ಯವಸ್ಥೆ ಇದು. 1960ರಲ್ಲಿ ಆ ರಾಜ್ಯ ರೂಪಿಸಿದ ಉನ್ನತ ಶಿಕ್ಷಣದ ಮಹಾಯೋಜನೆಯಲ್ಲಿ ಇವುಗಳಿಗೆ ಸ್ಪಷ್ಟ ಸ್ಥಾನವಿದೆ: ಕಲಿಯಬಯಸುವ ಯಾರಿಗೂ ಬಾಗಿಲು ಮುಚ್ಚಬಾರದು, ಎರಡು ವರ್ಷ ಚೆನ್ನಾಗಿ ಓದಿದವರಿಗೆ ವಿಶ್ವವಿದ್ಯಾಲಯದ ಮೂರನೆಯ ವರ್ಷದಲ್ಲಿ ಸ್ಥಾನ ದೊರೆಯಬೇಕು. ಅಂತಿಮವಾಗಿ ಪದವಿಪತ್ರ ನೀಡುವುದು ವಿಶ್ವವಿದ್ಯಾಲಯವೇ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯ ಮೂಲಕ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವುದನ್ನು ಬಲ್ಲವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ.

ಖರ್ಚಿನ ಅಂತರ ದೊಡ್ಡದು. ರಾಜ್ಯದ ನಿವಾಸಿ ವಿದ್ಯಾರ್ಥಿಗೆ ಸಮುದಾಯ ಕಾಲೇಜಿನಲ್ಲಿ ಸೆಮಿಸ್ಟರ್ ಪದ್ಧತಿಯ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. ವರ್ಷಕ್ಕೆ 30 ಯೂನಿಟ್ ಓದಿದರೆ 1,380 ಡಾಲರ್. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಅದೇ ನಿವಾಸಿ ವಿದ್ಯಾರ್ಥಿಯ ಬೋಧನಾ ಶುಲ್ಕ ವರ್ಷಕ್ಕೆ 14,000 ಡಾಲರ್‌ಗೂ ಹೆಚ್ಚು. ಸ್ಟೇಟ್ ಯೂನಿವರ್ಸಿಟಿಯೂ 2024-25ರಿಂದ ಐದು ವರ್ಷಗಳ ಕಾಲ ಪ್ರತಿವರ್ಷ ಶೇ. 6ರಂತೆ ಶುಲ್ಕ ಏರಿಸುವ ನಿರ್ಣಯ ಮಾಡಿದೆ. ಮನೆಯಲ್ಲೇ ಉಳಿದು ಓದಿದರೆ ವಸತಿ ಊಟದ ವೆಚ್ಚವೂ ಉಳಿಯುತ್ತದೆ.

ನಮ್ಮ ನಾಡಿನ ಮಠಗಳು ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದವು. ಸಿದ್ಧಗಂಗೆಯ ಪ್ರಸಾದನಿಲಯದಲ್ಲಿ ಓದಿದ ಹುಡುಗ ಮುಂದೆ ಯಾವ ಎತ್ತರಕ್ಕೆ ಏರಿದರೂ ಅಲ್ಲಿ ಉಚಿತವಾಗಿ ಓದಿದ್ದನ್ನು ಹೀನವೆಂದು ಯಾರೂ ಎಣಿಸಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್ಇ ಸಂಸ್ಥೆಯನ್ನು ಕಟ್ಟಿದಾಗಲೂ ಎಟುಕುವ ವಿದ್ಯೆಯೇ ಅವರ ಗುರಿಯಾಗಿತ್ತು. ಆ ಪರಂಪರೆಯಿಂದ ಬಂದ ನಾವು, ಕಡಿಮೆ ಶುಲ್ಕದ ಕಾಲೇಜನ್ನು ಶುಲ್ಕದ ಕಾರಣಕ್ಕೇ ಕೀಳೆಂದು ತಿಳಿಯುವುದು ಯುಕ್ತವಲ್ಲ.

ಭೂಗೋಳಶಾಸ್ತ್ರದ ಇಂದಿನ ಸ್ವರೂಪ

ಭೂಗೋಳವೆಂದರೆ ನದಿ, ರಾಜಧಾನಿ, ಬೆಳೆಗಳ ಹೆಸರನ್ನು ಬಾಯಿಪಾಠ ಮಾಡುವುದೆಂದು ಭಾವಿಸಿದವರು ಇಂದಿಗೂ ಇದ್ದಾರೆ. ಅಮೆರಿಕದಲ್ಲಿಯೂ ಈ ವಿಷಯ ಅವಜ್ಞೆಗೆ ಒಳಗಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯ 1948ರಲ್ಲಿ ತನ್ನ ಭೂಗೋಳ ವಿಭಾಗವನ್ನೇ ಮುಚ್ಚಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅದು ಬೇರುಬಿಟ್ಟು ಬೆಳೆಯಿತು. 1923ರಲ್ಲಿ ಬರ್ಕ್ಲಿಗೆ ಬಂದ ಕಾರ್ಲ್ ಸಾವರ್, ಮನುಷ್ಯನ ಬದುಕು ನೆಲದ ರೂಪವನ್ನು ಹೇಗೆ ಬದಲಿಸುತ್ತದೆ ಎಂಬ ಅಧ್ಯಯನಕ್ಕೆ ಅಲ್ಲಿ ಅಡಿಪಾಯ ಹಾಕಿದರು. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್ ಕುರಿತ ಸಂಶೋಧನೆಗೆ ಸಾಂಟಾ ಬಾರ್ಬರಾ ಹೆಸರಾಯಿತು. ಜಿಐಎಸ್ ತಂತ್ರಾಂಶದಲ್ಲಿ ಜಗತ್ಪ್ರಸಿದ್ಧವಾದ ಎಸ್ರಿ ಸಂಸ್ಥೆ 1969ರಲ್ಲಿ ಹುಟ್ಟಿದ್ದು ಇದೇ ರಾಜ್ಯದ ರೆಡ್‌ಲ್ಯಾಂಡ್ಸ್‌ನಲ್ಲಿ.

ಈ ವಿದ್ಯೆಯ ಪ್ರಯೋಜನ ನಮ್ಮ ಹಳ್ಳಿಗಳಿಗೂ ತಲುಪಿದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್‌ನಲ್ಲಿ ರೈತನು ತಾನು ನಿಂತ ನೆಲದ ಸರ್ವೆ ನಂಬರನ್ನು ಮೊಬೈಲಿನಲ್ಲೇ ನೋಡುತ್ತಾನೆ. ಅದರ ಹಿಂದಿರುವುದು ಜಿಐಎಸ್. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಇಳಿಜಾರು, ಮಣ್ಣು, ಮಳೆ, ರಸ್ತೆಗಾಗಿ ಕಡಿದ ಗುಡ್ಡ, ಅದರ ಬುಡದಲ್ಲಿ ನಡೆಯುವ ಜನಜೀವನ — ಇವೆಲ್ಲವನ್ನೂ ಒಂದೇ ನಕ್ಷೆಯ ಮೇಲಿಟ್ಟು ನೋಡುವುದನ್ನು ಕಲಿಸುವ ಶಾಸ್ತ್ರವೇ ಭೂಗೋಳ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಕಾಡ್ಗಿಚ್ಚು ಊರುಗಳನ್ನೇ ನುಂಗಿದಾಗಲೂ, ಬೆಂಕಿ ಯಾವ ದಿಕ್ಕಿಗೆ, ಜನರನ್ನು ಯಾವ ದಾರಿಯಲ್ಲಿ ಹೊರಗೆ ಕಳಿಸಬೇಕು ಎಂಬ ಪ್ರಶ್ನೆಗಳು ನಕ್ಷೆಯ ಪ್ರಶ್ನೆಗಳೇ ಆಗಿದ್ದವು. ನಗರ ಯೋಜನೆ, ನೀರಿನ ನಿರ್ವಹಣೆ, ಸಾರಿಗೆ, ವಿಮೆ, ಸಾರ್ವಜನಿಕ ಆರೋಗ್ಯ ಮುಂತಾದ ಕ್ಷೇತ್ರಗಳಲ್ಲಿ ಈ ಪದವೀಧರರಿಗೆ ಕೆಲಸವಿದೆ.

ದೋಣಿ ನಡೆಸಿದ ಚೌಡಯ್ಯ, ಹಗ್ಗ ಹೊಸೆದ ಚಂದಯ್ಯ, ಬಟ್ಟೆ ಮಡಿ ಮಾಡಿದ ಮಾಚಯ್ಯ ಒಂದೇ ಅನುಭವ ಮಂಟಪದಲ್ಲಿ ಸರಿಸಮಾನರಾಗಿ ಕುಳಿತ ಪರಂಪರೆ ನಮ್ಮದು. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಮಾತ್ರ ವಿದ್ಯೆ, ಉಳಿದವು ಹಿನ್ನಡೆ ಎಂಬ ಎಣಿಕೆ ಆ ಪರಂಪರೆಗೆ ಒಪ್ಪುವುದಿಲ್ಲ. ಮಗುವಿಗೆ ಒಲಿದ ವಿದ್ಯೆ ಲೋಕಕ್ಕೆ ಉಪಯೋಗವಾಗುವುದಾದರೆ ಅದೇ ಅದರ ಕಾಯಕ.

ನಿಜವಾದ ಅಪಾಯ ಎಲ್ಲಿದೆ

ಹಾಗೆಂದು ಈ ಹಾದಿ ನಿರಾಯಾಸವಾದುದೆಂದು ನಾವು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಲೆಕ್ಕಪರಿಶೋಧಕರು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2017ರಿಂದ 2019ರ ಅವಧಿಯಲ್ಲಿ ಸಮುದಾಯ ಕಾಲೇಜಿಗೆ ಸೇರಿ ವರ್ಗಾವಣೆಯನ್ನು ಬಯಸಿದವರಲ್ಲಿ ನಾಲ್ಕು ವರ್ಷದೊಳಗೆ ಅದನ್ನು ಸಾಧಿಸಿದವರು ಸುಮಾರು ಐವರಲ್ಲಿ ಒಬ್ಬರು. ಬಾಗಿಲು ತೆರೆದಿದೆ, ಆದರೆ ದಾಟುವವರು ಕಡಿಮೆ. ಹಣ, ದುಡಿಮೆ, ಮನೆಯ ಹೊಣೆ ಮುಂತಾದ ಕಾರಣಗಳ ಜೊತೆಗೆ ಯೋಜನೆಯಿಲ್ಲದೆ ಪಾಠಗಳನ್ನು ಆಯ್ದುಕೊಳ್ಳುವುದೂ ಒಂದು ಕಾರಣ. ಎಣಿಕೆಗೆ ಬಾರದ ಪಾಠಗಳನ್ನು ಓದಿ, ಬೇಕಾದ ಪಾಠವನ್ನು ಕೊನೆಗೆ ಹುಡುಕುತ್ತಾ, ಎರಡು ವರ್ಷದ ಓದು ಮೂರು ನಾಲ್ಕು ವರ್ಷಕ್ಕೆ ಎಳೆಯುತ್ತದೆ. ಆದ್ದರಿಂದ ಮೊದಲ ಸೆಮಿಸ್ಟರಿನ ಮುನ್ನವೇ ನಾಲ್ಕೂ ಸೆಮಿಸ್ಟರುಗಳ ಪಟ್ಟಿಯನ್ನು ಬರೆದಿಡುವುದು ಅಗತ್ಯ.

ಪಟ್ಟಿ ಮಾಡುವ ಕ್ರಮ

ಮೂರು ಲೆಕ್ಕಗಳನ್ನು ಒಟ್ಟಿಗೆ ಇಡಬೇಕು: ಒಟ್ಟು ಯೂನಿಟ್‌ಗಳು, ಸಾಮಾನ್ಯ ಶಿಕ್ಷಣ, ಮುಖ್ಯ ವಿಷಯದ ಪೂರ್ವಸಿದ್ಧತೆ.

ಮೊದಲನೆಯ ಲೆಕ್ಕ ಸರಳ. ಮೂರನೆಯ ವರ್ಷಕ್ಕೆ ಪ್ರವೇಶ ಪಡೆಯಲು ವರ್ಗಾವಣೆಗೆ ಅರ್ಹವಾದ 60 ಸೆಮಿಸ್ಟರ್ ಯೂನಿಟ್ ಬೇಕು. ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಾದರೆ ಅದು 90. ಓಲೋನಿ ಕಾಲೇಜಿನಲ್ಲಿ ಸೆಮಿಸ್ಟರ್, ಡಿ ಆ್ಯನ್ಜಾದಲ್ಲಿ ಕ್ವಾರ್ಟರ್. ಅಕ್ಕಪಕ್ಕದ ಊರುಗಳಲ್ಲೇ ಪದ್ಧತಿ ಬೇರೆ. ಒಂದು ಸೆಮಿಸ್ಟರ್ ಯೂನಿಟ್ ಎಂದರೆ ಒಂದೂವರೆ ಕ್ವಾರ್ಟರ್ ಯೂನಿಟ್. ನಡುವೆ ಕಾಲೇಜು ಬದಲಿಸುವವರು ಈ ಲೆಕ್ಕವನ್ನು ಮರೆಯಬಾರದು.

ಎರಡನೆಯದು ಕ್ಯಾಲ್-ಗೆಟ್ಸಿ. ಇದರಲ್ಲಿ 11 ಪಾಠಗಳು, 34 ಸೆಮಿಸ್ಟರ್ ಯೂನಿಟ್. ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಕಲೆ, ಗಣಿತ ಅಥವಾ ಸಂಖ್ಯಾಶಾಸ್ತ್ರ, ಕಲೆ ಮತ್ತು ಮಾನವಿಕಗಳಲ್ಲಿ ಎರಡು, ಸಮಾಜವಿಜ್ಞಾನದಲ್ಲಿ ಎರಡು, ಭೌತವಿಜ್ಞಾನ ಒಂದು, ಜೀವವಿಜ್ಞಾನ ಒಂದು, ಪ್ರಯೋಗಾಲಯ ಒಂದು, ಜನಾಂಗೀಯ ಅಧ್ಯಯನ ಒಂದು. ಪ್ರತಿಯೊಂದರಲ್ಲೂ ಕನಿಷ್ಠ ಸಿ ದರ್ಜೆ ಬೇಕು. 2025ರ ಶರತ್ಕಾಲಕ್ಕಿಂತ ಮೊದಲೇ ಸೇರಿ ನಿರಂತರವಾಗಿ ಓದುತ್ತಿರುವವರು ಹಳೆಯ ಮಾದರಿಯಲ್ಲೇ ಮುಗಿಸಲು ಅವಕಾಶವಿದೆ. ಅಂಥವರು ತಮಗೆ ಯಾವುದು ಅನುಕೂಲವೆಂದು ಕಾಲೇಜಿನ ಕೌನ್ಸೆಲರ್ ಬಳಿ ಕೇಳಿ ನಿರ್ಧರಿಸಬೇಕು.

ಮೂರನೆಯದು ಭೂಗೋಳದ ಪಾಠಗಳು. ಸಮುದಾಯ ಕಾಲೇಜುಗಳು ನೀಡುವ ವರ್ಗಾವಣೆ ಪದವಿಯಲ್ಲಿ, ಅಂದರೆ 2010ರ ಕಾಯಿದೆಯಿಂದ ಆರಂಭವಾದ ಎಡಿಟಿ ಎಂಬ ವ್ಯವಸ್ಥೆಯಲ್ಲಿ, ಭೂಗೋಳಶಾಸ್ತ್ರಕ್ಕೆ ಕನಿಷ್ಠ 18 ಯೂನಿಟ್ ಇರುತ್ತದೆ. ಪ್ರಾಕೃತಿಕ ಭೂಗೋಳ ಮತ್ತು ಅದರ ಪ್ರಯೋಗಾಲಯ, ಮಾನವ ಭೂಗೋಳ ಇವು ತಳಹದಿ. ಇವುಗಳ ಮೇಲೆ ವಿಶ್ವದ ಪ್ರಾದೇಶಿಕ ಭೂಗೋಳ, ಹವಾಮಾನ, ಕ್ಯಾಲಿಫೋರ್ನಿಯಾದ ಭೂಗೋಳ, ಜಿಐಎಸ್ ಪರಿಚಯ, ಕ್ಷೇತ್ರಾಧ್ಯಯನ ಇತ್ಯಾದಿಗಳಿಂದ ಆಯ್ಕೆ.

ಇಲ್ಲಿಯೇ ಜಾಣತನದ ಅವಕಾಶವಿದೆ. ಪ್ರಾಕೃತಿಕ ಭೂಗೋಳ ಸಾಮಾನ್ಯ ಶಿಕ್ಷಣದ ಭೌತವಿಜ್ಞಾನಕ್ಕೂ, ಅದರ ಪ್ರಯೋಗಾಲಯ ಪ್ರಯೋಗಾಲಯದ ನಿಯಮಕ್ಕೂ, ಮಾನವ ಭೂಗೋಳ ಸಮಾಜವಿಜ್ಞಾನದ ಒಂದು ಸ್ಥಾನಕ್ಕೂ ಸಾಮಾನ್ಯವಾಗಿ ಸಲ್ಲುತ್ತವೆ. ಒಂದೇ ಪಾಠ ಎರಡೂ ಲೆಕ್ಕಕ್ಕೆ ಬರುವುದರಿಂದ 34 ಮತ್ತು 18 ಸೇರಿ 52 ಆಗಬೇಕಾದದ್ದು ಸುಮಾರು 45ಕ್ಕೆ ಇಳಿಯುತ್ತದೆ. 60ಕ್ಕೆ ಉಳಿಯುವ ಸುಮಾರು 15 ಯೂನಿಟ್ ಎಂದರೆ ಒಂದು ಸೆಮಿಸ್ಟರಿನ ಓದು. ಅದನ್ನು ಇನ್ನೊಂದು ಜಿಐಎಸ್ ಪಾಠಕ್ಕೋ ಕಂಪ್ಯೂಟರ್ ಪ್ರೋಗ್ರಾಮಿಂಗ್‌ಗೋ ಭಾಷೆಗೋ ವಿನಿಯೋಗಿಸಬಹುದು. ಒಂದು ಎಚ್ಚರಿಕೆ: ಸಮಾಜವಿಜ್ಞಾನದ ಎರಡು ಪಾಠಗಳು ಬೇರೆ ಬೇರೆ ಶಾಸ್ತ್ರಗಳಿಗೆ ಸೇರಿರಬೇಕು. ಆದ್ದರಿಂದ ಮಾನವ ಭೂಗೋಳದ ಜೊತೆಗೆ ಅರ್ಥಶಾಸ್ತ್ರವನ್ನೋ ಮಾನವಶಾಸ್ತ್ರವನ್ನೋ ಸೇರಿಸಬೇಕು. ಗಣಿತದ ಸ್ಥಾನಕ್ಕೆ ಸಂಖ್ಯಾಶಾಸ್ತ್ರವನ್ನು ಆಯ್ದರೆ ಭೂಗೋಳದ ಮುಂದಿನ ಓದಿಗೂ ಅದು ನೆರವು.

ಹೀಗೆ ನೋಡಿದರೆ, ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಬರವಣಿಗೆ, ಪ್ರಾಕೃತಿಕ ಭೂಗೋಳ, ಅದರ ಪ್ರಯೋಗಾಲಯ, ಸಂಖ್ಯಾಶಾಸ್ತ್ರ ಮತ್ತು ಕಲೆಯ ಒಂದು ಪಾಠ. ಎರಡನೆಯದರಲ್ಲಿ ವಿಮರ್ಶಾತ್ಮಕ ಚಿಂತನೆ, ಮಾನವ ಭೂಗೋಳ, ಭಾಷಣ ಕಲೆ, ಜನಾಂಗೀಯ ಅಧ್ಯಯನ. ಮೂರನೆಯದರಲ್ಲಿ ಜಿಐಎಸ್ ಪರಿಚಯ, ಪ್ರಾದೇಶಿಕ ಭೂಗೋಳ, ಜೀವವಿಜ್ಞಾನ, ಅರ್ಥಶಾಸ್ತ್ರ. ನಾಲ್ಕನೆಯದರಲ್ಲಿ ಹವಾಮಾನ ಅಥವಾ ಕ್ಷೇತ್ರಾಧ್ಯಯನ, ಮಾನವಿಕಗಳ ಒಂದು ಪಾಠ. ಇವುಗಳ ನಡುವೆ ಉಳಿದ ಯೂನಿಟ್‌ಗಳನ್ನು ತುಂಬುವ ಐಚ್ಛಿಕ ಪಾಠಗಳು — ಇದು ಒಂದು ಸಮತೂಕದ ಪಟ್ಟಿ. ಚಿಕ್ಕ ಕಾಲೇಜುಗಳಲ್ಲಿ ಜಿಐಎಸ್‌ನಂಥ ಪಾಠ ವರ್ಷಕ್ಕೆ ಒಮ್ಮೆ ಮಾತ್ರ ನಡೆಯಬಹುದು. ಅದು ಯಾವ ಸೆಮಿಸ್ಟರಿನಲ್ಲಿ ಬರುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದವನ್ನು ಅದರ ಸುತ್ತ ಜೋಡಿಸಬೇಕು.

ಎರಡು ವಿಶ್ವವಿದ್ಯಾಲಯ ಸಮೂಹ, ಎರಡು ನಿಯಮ

ಎಡಿಟಿ ಪದವಿ ಪಡೆದವರಿಗೆ ಸ್ಟೇಟ್ ಯೂನಿವರ್ಸಿಟಿ ಸಮೂಹದಲ್ಲಿ ಪ್ರವೇಶದ ಖಾತರಿಯಿದೆ. ಸಮಾನ ವಿಷಯದಲ್ಲಿ ಇನ್ನು 60 ಯೂನಿಟ್‌ಗಳಲ್ಲಿ ಪದವಿ ಮುಗಿಸುವ ಅವಕಾಶವೂ ಇದೆ. ಆದರೆ ಖಾತರಿ ಇರುವುದು ಸಮೂಹಕ್ಕೆ. ತಾವು ಬಯಸಿದ ಕ್ಯಾಂಪಸ್‌ಗೇ ಎಂದಲ್ಲ. ಲಾಂಗ್ ಬೀಚ್, ನಾರ್ತ್‌ರಿಡ್ಜ್, ಫುಲ್ಲರ್ಟನ್, ಸ್ಯಾನ್ ಡಿಯಾಗೋ ಸ್ಟೇಟ್ ಮುಂತಾದ ಕಡೆ ಭೂಗೋಳ ಬೋಧನೆಯಿದೆ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸಾಂಟಾ ಬಾರ್ಬರಾ ಭೂಗೋಳಕ್ಕೆ ಮುಖ್ಯ. ಈ ಸಮೂಹದ ಆರು ಕ್ಯಾಂಪಸ್‌ಗಳಲ್ಲಿ — ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ — ಟ್ಯಾಗ್ ಎಂಬ ಖಚಿತ ಪ್ರವೇಶದ ಒಪ್ಪಂದವಿದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಅದರಲ್ಲಿಲ್ಲ. ಟ್ಯಾಗ್ ಅರ್ಜಿ ಒಂದೇ ಕ್ಯಾಂಪಸ್‌ಗೆ ಮಾತ್ರ. ಸಲ್ಲಿಸುವ ಕಾಲ ಸೆಪ್ಟೆಂಬರ್ ತಿಂಗಳು. ಆ ವರ್ಷ ತಮ್ಮ ವಿಷಯ ಒಪ್ಪಂದದಲ್ಲಿದೆಯೇ, ಬೇಕಾದ ಸರಾಸರಿ ಅಂಕವೆಷ್ಟು ಎಂಬುದನ್ನು ನೋಡಿಯೇ ಮುಂದುವರಿಯಬೇಕು. ಸಾಮಾನ್ಯ ಅರ್ಜಿ ಸಲ್ಲಿಕೆ ಅಕ್ಟೋಬರ್ 1ರಂದು ಆರಂಭವಾಗಿ ನವೆಂಬರ್ ಕೊನೆಯ ವೇಳೆಗೆ ಮುಗಿಯುತ್ತದೆ. ರಾಜ್ಯದ ನಿವಾಸಿಗಳಿಗೆ ಕನಿಷ್ಠ ಜಿಪಿಎ 2.4, ಹೊರಗಿನವರಿಗೆ 2.8 ಎಂದಿದ್ದರೂ ಹೆಸರಾಂತ ಕ್ಯಾಂಪಸ್‌ಗಳಲ್ಲಿ ಅದಕ್ಕಿಂತ ಬಹಳ ಹೆಚ್ಚಿನದು ಬೇಕಾಗುತ್ತದೆ.

ಕೆಲವು ಜಿಐಎಸ್ ಪಾಠಗಳನ್ನು ಸ್ಟೇಟ್ ಯೂನಿವರ್ಸಿಟಿ ಒಪ್ಪಿದರೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಒಪ್ಪದಿರಬಹುದು. ಇಂಥ ಸಂದೇಹಗಳಿಗೆ ಅಸಿಸ್ಟ್ ಎಂಬ ಅಧಿಕೃತ ಜಾಲತಾಣವಿದೆ. ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬ ಒಪ್ಪಂದಪತ್ರ ಅಲ್ಲಿ ಉಚಿತವಾಗಿ ದೊರೆಯುತ್ತದೆ. ಬಂಧುಗಳ ಮಾತು, ಸ್ನೇಹಿತರ ಅನುಭವ ಕೇಳಬೇಕಾದದ್ದೇ; ಆದರೆ ನಿರ್ಣಯ ಆ ಪತ್ರವನ್ನು ನೋಡಿ ಆಗಬೇಕು. ಓದಿದ ಪ್ರತಿ ಪಾಠದ ವಿವರವನ್ನು ಉಳಿಸಿಕೊಳ್ಳಬೇಕು. ಮುಂದೆ ಸಮಾನತೆಯ ಪ್ರಶ್ನೆ ಬಂದರೆ ಅದೇ ದಾಖಲೆ.

ವೀಸಾದ ಮೇಲಿರುವ ಕುಟುಂಬಗಳಿಗೆ

ಅನೇಕ ಕುಟುಂಬಗಳು ಇನ್ನೂ ಎಚ್-1ಬಿ ವೀಸಾದ ಮೇಲಿವೆ, ಮಕ್ಕಳದು ಎಚ್-4. ಇಪ್ಪತ್ತೊಂದು ತುಂಬಿದಾಗ ಆ ಅವಲಂಬಿತ ಸ್ಥಾನ ಮುಗಿಯುತ್ತದೆ. ಹದಿನೆಂಟಕ್ಕೆ ಸಮುದಾಯ ಕಾಲೇಜು ಸೇರಿದ ಮಗ ಇಪ್ಪತ್ತಕ್ಕೆ ವರ್ಗಾವಣೆ ಪಡೆದರೆ, ವಿಶ್ವವಿದ್ಯಾಲಯದ ಓದಿನ ನಡುವೆಯೇ ಆ ದಿನ ಬರುತ್ತದೆ. ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಶುಲ್ಕದ ವರ್ಗವೂ ಬದಲಾಗುವ ಸಾಧ್ಯತೆಯಿದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಲ್ಲದ ವಿದ್ಯಾರ್ಥಿ ವರ್ಷಕ್ಕೆ 30,000 ಡಾಲರ್‌ಗೂ ಮಿಕ್ಕ ಹೆಚ್ಚುವರಿ ಶುಲ್ಕ ತೆರಬೇಕು. ಎರಡು ವರ್ಷದಲ್ಲಿ ಉಳಿಸಿದ್ದು ಒಂದೇ ವರ್ಷದಲ್ಲಿ ಕರಗಬಹುದು. ಓದು ಒಂದು ಸೆಮಿಸ್ಟರ್ ತಡವಾಗುವುದು ಇತರರಿಗೆ ಅನನುಕೂಲ, ಈ ಮಕ್ಕಳಿಗೆ ದೊಡ್ಡ ನಷ್ಟ. ಆದ್ದರಿಂದ ಮಗುವಿನ ಜನ್ಮದಿನಾಂಕವನ್ನೂ ಓದಿನ ಪಟ್ಟಿಯ ಪಕ್ಕದಲ್ಲಿಟ್ಟು, ವಲಸೆ ಕಾನೂನು ಬಲ್ಲ ವಕೀಲರ ಸಲಹೆಯನ್ನು ಹದಿನೆಂಟರಲ್ಲೇ ಪಡೆಯಬೇಕು.

ಇನ್ನೊಂದು ಅಂಶವಿದೆ. ವಿದ್ಯಾರ್ಥಿ ವೀಸಾದಲ್ಲಿ ಪದವಿಯ ನಂತರ ಕೆಲಸ ಮಾಡುವ ಅವಧಿ, ಆ ಪದವಿ ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿದೆಯೇ ಎಂಬುದನ್ನು ಅವಲಂಬಿಸಿದೆ. ಭೂಗೋಳ ಎಂಬ ಹೆಸರಿನ ಪದವಿಗೂ ಭೌಗೋಳಿಕ ಮಾಹಿತಿ ವಿಜ್ಞಾನದ ಪದವಿಗೂ ಸಂಕೇತಾಂಕ ಬೇರೆ ಇರಬಹುದು. ಅರ್ಜಿ ಹಾಕುವ ಮೊದಲೇ ವಿಭಾಗವನ್ನು ಕೇಳಿ ತಿಳಿದುಕೊಳ್ಳುವುದು ಒಳಿತು.

ನಮ್ಮ ನಿಲುವು

ಭಾರತದಲ್ಲಿಯೂ ಕ್ರೆಡಿಟ್‌ಗಳನ್ನು ಜಮಾ ಮಾಡಿಟ್ಟು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಆರಂಭವಾಯಿತು. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಈ ಬದಲಾವಣೆಗಳ ನಡುವೆ, ಯಾವ ಪಾಠ ಎಲ್ಲಿ ಸಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿಗೆ ಮೊದಲೇ ಲಿಖಿತವಾಗಿ, ಬಹಿರಂಗವಾಗಿ ತಿಳಿಸುವ ಕ್ಯಾಲಿಫೋರ್ನಿಯಾದ ಕ್ರಮ ಅನುಕರಣೀಯವೆಂದು ನಮಗೆ ತೋರುತ್ತದೆ. ನಮ್ಮ ಮಠಗಳ ಆಶ್ರಯದಲ್ಲಿರುವ ಪದವಿ ಕಾಲೇಜುಗಳೂ ಇಂಥ ಒಂದು ಸಮಾನತೆಯ ಪಟ್ಟಿಯನ್ನು ಪ್ರಕಟಿಸುವತ್ತ ಯೋಚಿಸಲಿ. ನಿಯಮ ಎಷ್ಟೇ ಉದಾರವಾಗಿದ್ದರೂ ಬಡವರ ಮಕ್ಕಳಿಗೆ ಅದು ಕಣ್ಣಿಗೆ ಕಾಣದಿದ್ದರೆ ಪ್ರಯೋಜನವಿಲ್ಲ.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಈ ಹಾದಿಯನ್ನು ಆರಿಸಿಕೊಂಡ ಮಕ್ಕಳನ್ನು, ನೆರೆಮನೆಯ ಮಗು ಎಲ್ಲಿ ಸೇರಿತು ಎಂಬ ಹೋಲಿಕೆಯಿಂದ ನೋಯಿಸಬೇಡಿ. ಅವರೊಂದಿಗೆ ಕುಳಿತು ಪಟ್ಟಿ ಮಾಡಿ. ಪ್ರತಿ ಸೆಮಿಸ್ಟರಿನ ಕೊನೆಗೆ ಅದನ್ನು ಮತ್ತೆ ತೆರೆದು ನೋಡಿ. ಈ ದಾರಿಯಲ್ಲಿ ಈಗಾಗಲೇ ನಡೆದ ಹಿರಿಯ ವಿದ್ಯಾರ್ಥಿಗಳು ಅಲ್ಲಿನ ಬಸವ ಜಯಂತಿ, ಶರಣ ಸಂಗಮಗಳಿಗೆ ಬಂದಾಗ ಕಿರಿಯರಿಗೆ ಒಂದು ಗಂಟೆಯ ಕಾಲವನ್ನು ಕೊಡಲಿ. ತಾನು ಅರಿತುದನ್ನು ಇನ್ನೊಬ್ಬರಿಗೆ ಹಂಚುವುದೂ ದಾಸೋಹವೇ. ನೆಲವನ್ನೂ ನೀರನ್ನೂ ಅದರ ಮೇಲಿನ ಜೀವವನ್ನೂ ಅರಿಯಲು ಹೊರಟ ಮಕ್ಕಳಿಗೆ ಗುರು ಬಸವಣ್ಣನವರ ಕೃಪೆ ಇರಲಿ.